ಓಟದ ದಿನ ಬಾಯಾರಿಕೆ ಇಲ್ಲದೆ ನೀರು ಕುಡಿಯಬೇಡಿ

ಕಳೆದ ಮಾರ್ಚ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಂದು ಡುಯಾಥ್ಲಾನ್‌ಗೆ ಹೋಗಿದ್ದೆ. 10 ಕಿ.ಮೀ. ಓಟ, 40 ಕಿ.ಮೀ. ಸೈಕಲ್, ಮತ್ತೆ 5 ಕಿ.ಮೀ. ಓಟ. ಅದನ್ನು ಮುಗಿಸಿ ಎರಡು ರಾತ್ರಿ ಐಸಿಯುನಲ್ಲಿ ಮಲಗಿದ್ದೆ. ಕಾರಣ, ಜಾಸ್ತಿ ನೀರು ಕುಡಿದದ್ದು. ಹೀಗೂ ಆಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆ ಅಂತ ಹೆದರಿದ್ದೆ. ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು, "ಚೆನ್ನಾಗಿ ನೀರು ಕುಡಿ." ಬೆಳಿಗ್ಗೆ ಎದ್ದವಳೇ ಒಂದು ಲೀಟರ್ ಕುಡಿದೆ. ಮಂಡಿ ನೋವಿತ್ತು, ಒಂದು ನೋವಿನ ಮಾತ್ರೆ ನುಂಗಿದೆ. ಓಡುವಾಗ ನೀರಿನ ಮೇಜು ಕಂಡಲ್ಲೆಲ್ಲ ನಿಂತು ಎರಡೆರಡು ಲೋಟ ಕುಡಿದೆ. ಸೈಕಲ್ ಮೇಲೆ 750 ಮಿ.ಲೀ. ಬಾಟಲಿ ನಾಲ್ಕು ಸಲ ಖಾಲಿಯಾಯಿತು. ಎಲ್ಲ ಬರೀ ನೀರು. ಬಾಯಾರಿತ್ತಾ ಅಂದರೆ, ಇಲ್ಲ. ಕೊನೆಕೊನೆಗೆ ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿತ್ತು, ಆದರೂ ಬಲವಂತವಾಗಿ ಕುಡಿದೆ.

ನಾನು ನಿಧಾನದ ಓಟಗಾರ್ತಿ. ಮುಗಿಸುವಷ್ಟರಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ ಆಗಿತ್ತು. ಇಲ್ಲಿ ಅದು ಮುಖ್ಯ. ಮುಂದೆ ಓಡುವವರಿಗೆ ನಿಂತು ಕುಡಿಯಲು ಪುರುಸೊತ್ತಿರುವುದಿಲ್ಲ. ನಮ್ಮಂಥವರಿಗೆ ಹೊತ್ತೂ ಜಾಸ್ತಿ, ಕುಡಿಯುವುದೂ ಜಾಸ್ತಿ.

ಸೈಕಲ್ ಇಳಿದು ಓಡಲು ಹೊರಟಾಗ ಕಾಲು ಕಲ್ಲಿನ ಹಾಗಿತ್ತು. ಅದು ಎಲ್ಲರಿಗೂ ಆಗುವಂಥದ್ದು, ಬಿಡಿ. ನಾನು ಗಮನಿಸಬೇಕಿದ್ದದ್ದು ನನ್ನ ಕೈಯನ್ನು. ಬೆರಳಿನ ಉಂಗುರ ಬಿಗಿಯಾಗಿ, ಅದರ ಎರಡೂ ಬದಿ ಚರ್ಮ ಉಬ್ಬಿತ್ತು. ಬೆಳಿಗ್ಗೆ ಸಡಿಲವಾಗಿದ್ದ ವಾಚಿನ ಪಟ್ಟಿ ಮಣಿಕಟ್ಟಿನಲ್ಲಿ ಅಚ್ಚೊತ್ತಿತ್ತು. ತಲೆನೋವು, ವಾಕರಿಕೆ ಬೇರೆ. ಬಿಸಿಲು ಹತ್ತಿದೆ ಅಂದುಕೊಂಡೆ.

ಮುಗಿಸಿದ ಕೂಡಲೇ ಕುಸಿದು ಕೂತೆ. ನನ್ನ ತಮ್ಮ ಬಾಟಲಿ ಹಿಡಿದು ಓಡಿ ಬಂದ. "ಅಕ್ಕಾ, ನೀರು ಕಡಿಮೆ ಆಗಿದೆ, ಕುಡಿ" ಅಂತ ಇನ್ನೂ ಅರ್ಧ ಲೀಟರ್ ಕುಡಿಸಿದ. ವೈದ್ಯಕೀಯ ಟೆಂಟ್‌ನಲ್ಲಿದ್ದವರೂ ಅದನ್ನೇ ಅಂದುಕೊಂಡು, ರಕ್ತ ಪರೀಕ್ಷೆ ಏನೂ ಮಾಡದೆ ಡ್ರಿಪ್ ಹಾಕಲು ಹೊರಟರು. ಅಷ್ಟರಲ್ಲಿ ನಾನು ತಮ್ಮನನ್ನೇ "ನೀವು ಯಾರು?" ಅಂತ ಕೇಳಿದೆನಂತೆ. ಅವನು ಹೆದರಿ ನೇರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ರಕ್ತದಲ್ಲಿರುವ ಸೋಡಿಯಂ, ಅಂದರೆ ಉಪ್ಪಿನ ಅಂಶ, ನೋಡಿದರು. 135ರಿಂದ 145 ಇರಬೇಕಾದದ್ದು ನನಗೆ 122 ಇತ್ತು. ಓಡಿದ ಮೇಲೆ ತೂಕ ಇಳಿಯಬೇಕು ಅಲ್ವಾ? ನಾನು ಹಿಂದಿನ ಸಂಜೆಗಿಂತ ಒಂದೂವರೆ ಕೆ.ಜಿ. ಜಾಸ್ತಿ ಇದ್ದೆ. ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಗೆ ಹೋಗಿ ಮೆದುಳು ಊದಿಕೊಳ್ಳುತ್ತದೆ, ಗೊಂದಲ, ಫಿಟ್ಸ್, ಸಾವೂ ಆಗಬಹುದು ಅಂತ ಡಾಕ್ಟರ್ ಹೇಳಿದರು. ಮಾಮೂಲಿ ಡ್ರಿಪ್ ಅಲ್ಲ, ಉಪ್ಪಿನಂಶ ಹೆಚ್ಚಿರುವ ಡ್ರಿಪ್ ಹಾಕಿ ನನ್ನನ್ನು ಉಳಿಸಿದರು.

ಮಾತ್ರೆಯ ವಿಷಯವನ್ನೂ ಅವರೇ ಕೇಳಿದರು. ಹೆಚ್ಚು ಹೊತ್ತು ಶ್ರಮಪಟ್ಟಾಗ ದೇಹವೇ ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನ್ ಬಿಡುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮೂತ್ರದಲ್ಲಿ ನೀರು ಹೊರಗೆ ಹೋಗುವುದೇ ಕಡಿಮೆ ಆಗುತ್ತದೆ. ದಯವಿಟ್ಟು ಓಟದ ದಿನ ಇವನ್ನು ನುಂಗಬೇಡಿ.

ಇದೇನು ಅಪರೂಪದ ಕಾಯಿಲೆಯೂ ಅಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ 13% ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರು ಮತ್ತು ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಓಡಿದವರಿಗೇ ಅಪಾಯ ಹೆಚ್ಚಿತ್ತು.

"ಹಾಗಾದರೆ ಎಲೆಕ್ಟ್ರೋಲೈಟ್ ಕುಡಿದರೆ ಆಯ್ತಲ್ಲ" ಅಂತ ಎಷ್ಟೋ ಗೆಳತಿಯರು ಕೇಳಿದರು. ಸಾಲುವುದಿಲ್ಲ. ಅಂಗಡಿಯ ಆ ಪಾನೀಯಗಳಲ್ಲಿ ರಕ್ತದಲ್ಲಿರುವುದಕ್ಕಿಂತ ತುಂಬಾ ಕಡಿಮೆ ಸೋಡಿಯಂ ಇರುತ್ತದೆ. ಅದನ್ನೂ ಅಳತೆ ಮೀರಿ ಕುಡಿದರೆ ಇದೇ ಗತಿ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ನನಗೆ ಹಿಡಿಸುತ್ತದೆ, ಆದರೆ ಅದನ್ನೂ ಈಗ ಬಾಯಾರಿದಾಗ ಮಾತ್ರ ಕುಡಿಯುತ್ತೇನೆ.

ನಿಮ್ಮ ಜೊತೆ ಬರುವವರಿಗೆ ಮೊದಲೇ ಹೇಳಿಡಿ. ಕುಸಿದು ಬಿದ್ದವರ ಬೆರಳು ಊದಿದ್ದರೆ, ಮಾತು ತಪ್ಪುತ್ತಿದ್ದರೆ ನೀರು ಕುಡಿಸಬಾರದು. ಡ್ರಿಪ್ ಹಾಕುವ ಮುಂಚೆ "ಸೋಡಿಯಂ ನೋಡಿ" ಅಂತ ಗಟ್ಟಿಯಾಗಿ ಕೇಳಬೇಕು. ನನ್ನ ತಮ್ಮ ಇವತ್ತಿಗೂ ಆ ಅರ್ಧ ಲೀಟರ್ ನೆನೆಸಿಕೊಂಡು ಸಂಕಟಪಡುತ್ತಾನೆ. ಅವನದೇನೂ ತಪ್ಪಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ.