ಎಂಟಿಎಸ್ ಫೈಲುಗಳನ್ನು ಒಟ್ಟಿಗೆ 720ಕ್ಕೆ ಇಳಿಸೋ ಮುಂಚೆ ಇದನ್ನೊಮ್ಮೆ ಓದಿ

ತುಮಕೂರಿನ ಒಂದು ಮದುವೆ ಸ್ಟುಡಿಯೊದಲ್ಲಿ ಹಾರ್ಡ್ ಡಿಸ್ಕ್ ತುಂಬಿಹೋಯಿತು. ಜಾಗ ಉಳಿಸೋಣವೆಂದು ಕ್ಯಾಮೆರಾದ ಹಳೇ ಎಂಟಿಎಸ್ ವಿಡಿಯೊ ಫೈಲುಗಳನ್ನೆಲ್ಲ 1080 ಗೆರೆಯಿಂದ 720 ಗೆರೆಗೆ ಇಳಿಸಲು, ಎಲ್ಲಿಂದಲೋ ನಕಲು ಮಾಡಿಕೊಂಡ ಎಫ್‌ಎಫ್‌ಎಂಪೆಗ್ (ವಿಡಿಯೊ ಪರಿವರ್ತಿಸುವ ತಂತ್ರಾಂಶ) ಬ್ಯಾಚ್ ಫೈಲ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಓಡಿಸಿದರು. ಒಂದು ಎರರ್ ಕೂಡ ಕಣ್ಣಿಗೆ ಬೀಳಲಿಲ್ಲ. ಬ್ಯಾಚಿನ ಕೊನೇ ಸಾಲು ಡಿಲೀಟ್. ಒರಿಜಿನಲ್ ಎಲ್ಲವೂ ಹೋದವು. ಆಮೇಲೆ ಡಿಸ್ಕ್ ನಮ್ಮ ಕೈಗೆ ಬಂದಾಗ ವಾಪಸ್ ತರುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ಮೊದಲ ಪೆಟ್ಟು ಫೈಲ್ ಹೆಸರಿನದು. ಎಂಟಿಎಸ್ ಫೈಲ್ ಕೊಡುವ ಎವಿಸಿಎಚ್‌ಡಿ ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಸಾಮಾನ್ಯವಾಗಿ 00000.ಎಂಟಿಎಸ್‌ನಿಂದಲೇ ಎಣಿಕೆ ಶುರು ಮಾಡುತ್ತವೆ. ಮೂರು ಕಾರ್ಡಿನ ಮೂರು ಫೋಲ್ಡರಿನಲ್ಲಿ ತಲಾ 40 ಫೈಲ್ ಇದ್ದು, ಔಟ್‌ಪುಟ್ ಎಲ್ಲಾ ಒಂದೇ ಫೋಲ್ಡರಿಗೆ ಹೋದರೆ 120 ಒಳಗೆ ಹೋಗಿ 40 ಹೊರಗೆ ಬರುತ್ತದೆ. ಆಜ್ಞೆಯಲ್ಲಿ ಮೈನಸ್ ವೈ ಇದ್ದರೆ ಎಫ್‌ಎಫ್‌ಎಂಪೆಗ್ ಕೇಳದೇ ಹಳೇದರ ಮೇಲೆ ಬರೆಯುತ್ತದೆ. ಕೊನೇ ಕಾರ್ಡ್ ಮಾತ್ರ ಉಳಿಯಿತು. ವರಪೂಜೆ ಇಲ್ಲ, ಆರತಕ್ಷತೆ ಇದೆ. ಫೋಲ್ಡರ್ ರಚನೆಯನ್ನು ಹಾಗೇ ಉಳಿಸಿಕೊಳ್ಳಿ, ಇಲ್ಲವೇ ಫೋಲ್ಡರಿನ ಹೆಸರನ್ನು ಫೈಲ್ ಹೆಸರಿನ ಮುಂದೆ ಸೇರಿಸಿ. ಮೈನಸ್ ವೈ ಜಾಗದಲ್ಲಿ ಮೈನಸ್ ಎನ್ ಹಾಕಿ, ಆಗ ಇರುವ ಫೈಲನ್ನು ಅದು ಮುಟ್ಟುವುದಿಲ್ಲ.

ಎರಡನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಥಂಬ್‌ನೇಲ್ ನೋಡಿದರೆ ಗೊತ್ತೇ ಆಗುವುದಿಲ್ಲ. ಈ ಫೈಲುಗಳು 1080ಐ50, ಅಂದರೆ ಇಂಟರ್‌ಲೇಸ್ಡ್, ಒಂದು ಗೆರೆ ಬಿಟ್ಟು ಒಂದು ಗೆರೆ ಹಿಡಿದ ಅರ್ಧರ್ಧ ಚಿತ್ರಗಳನ್ನು ಹೆಣೆದದ್ದು. ಸೆಕೆಂಡಿಗೆ 25 ಫ್ರೇಮ್, ಒಂದೊಂದರಲ್ಲೂ ಎರಡು ಫೀಲ್ಡ್, ಅಂದರೆ ಎರಡು ಅರ್ಧ ಚಿತ್ರ. ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು 1/50 ಸೆಕೆಂಡ್ ಆಚೀಚಿನವು. 1080ನ್ನು 720 ಮಾಡುವುದೆಂದರೆ ಮೂರು ಗೆರೆಯನ್ನು ಎರಡಕ್ಕೆ ಕಲಸುವುದು. ಎರಡು ಬೇರೆ ಕ್ಷಣಗಳು ಒಂದೇ ಗೆರೆಯಲ್ಲಿ ಬೆರೆತುಹೋಗುತ್ತವೆ. ಸುಮ್ಮನೆ ಕೂತ ಪುರೋಹಿತರು ಚೆನ್ನಾಗೇ ಕಾಣುತ್ತಾರೆ. ಅಕ್ಷತೆ ಎರಚಿದ ಶಾಟಿನಲ್ಲಿ ಒಂದು ಫ್ರೇಮ್ ನಿಲ್ಲಿಸಿ ನೋಡಿ: ಒಂದೊಂದು ಕಾಳೂ ಎರಡಾಗಿ, ಅರ್ಧ ಪಾರದರ್ಶಕವಾಗಿ, ಮಾಸಲಾಗಿ ಕಾಣುತ್ತದೆ, ತಾಳಿ ಕಟ್ಟುವ ಕೈಯಂಚು ಬಾಚಣಿಗೆ ಹಲ್ಲಿನಂತಿರುತ್ತದೆ. ಕಲಸಿದ ಮೇಲೆ ಡೀಇಂಟರ್‌ಲೇಸ್ ಮಾಡಿ (ಫೀಲ್ಡುಗಳನ್ನು ಬಿಡಿಸಿ ಪೂರ್ಣ ಫ್ರೇಮ್ ಮಾಡಿ) ಪ್ರಯೋಜನವಿಲ್ಲ, ಫೀಲ್ಡುಗಳೇ ಉಳಿದಿರುವುದಿಲ್ಲ.

ಹಾಗಾಗಿ ಫಿಲ್ಟರ್ ಸಾಲಿನಲ್ಲಿ ಮೊದಲು ಡೀಇಂಟರ್‌ಲೇಸ್ ಮಾಡುವ ಬಿಡಬ್ಲ್ಯುಡಿಐಎಫ್, ಅಲ್ಪವಿರಾಮ, ಆಮೇಲೆ ಅಳತೆ ಇಳಿಸುವ ಸ್ಕೇಲ್. ಈ ಅನುಕ್ರಮ ತಿರುವುಮುರುವಾಗಬಾರದು. ಬಿಡಬ್ಲ್ಯುಡಿಐಎಫ್ ತಾನಾಗಿಯೇ ಪ್ರತಿ ಫೀಲ್ಡಿನಿಂದ ಒಂದು ಫ್ರೇಮ್ ಮಾಡಿ ಸೆಕೆಂಡಿಗೆ 50 ಕೊಡುತ್ತದೆ, ಚಲನೆ ನುಣುಪಾಗಿರುತ್ತದೆ. ಫೈಲ್ ಇಂಟರ್‌ಲೇಸ್ಡ್ ಹೌದೋ ಅಲ್ಲವೋ ತಿಳಿಯಲು ಎಫ್‌ಎಫ್‌ಪ್ರೋಬ್ (ಎಫ್‌ಎಫ್‌ಎಂಪೆಗ್ ಜೊತೆ ಬರುವ, ಫೈಲಿನ ವಿವರ ಹೇಳುವ ಸಾಧನ) ತೋರಿಸುವ ಫೀಲ್ಡ್ ಆರ್ಡರ್ ನೋಡಿ. ಅದನ್ನೂ ಪೂರ್ತಿ ನಂಬಬೇಡಿ: ಕೆಲವು ಕ್ಯಾಮೆರಾ 25ಪಿ ಚಿತ್ರವನ್ನೇ (ಸೆಕೆಂಡಿಗೆ 25 ಪೂರ್ಣ ಫ್ರೇಮ್, ಇಂಟರ್‌ಲೇಸ್ಡ್ ಅಲ್ಲ) 50ಐ ಹೊದಿಕೆಯಲ್ಲಿ ಇಡುತ್ತವೆ. ಅನುಮಾನವಿದ್ದರೆ ಐಡೆಟ್ ಫಿಲ್ಟರ್ ಓಡಿಸಿ, ಅದು ಚಿತ್ರವನ್ನೇ ನೋಡಿ ಲೆಕ್ಕ ಕೊಡುತ್ತದೆ.

ಸ್ಕೇಲಿಗೆ 1280:720 ಎಂದು ಬರೆಯಬೇಡಿ, ಮೈನಸ್ 2:720 ಎಂದು ಬರೆಯಿರಿ. ಮೈನಸ್ 2 ಎಂದರೆ ಅಗಲವನ್ನು ಅನುಪಾತಕ್ಕೆ ತಕ್ಕ ಸಮಸಂಖ್ಯೆಯಾಗಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನೆಂಟರು ಮೊಬೈಲಿನಲ್ಲಿ ಉದ್ದುದ್ದ ತೆಗೆದ ವಿಡಿಯೊ ಅದೇ ಫೋಲ್ಡರಿನಲ್ಲಿದ್ದರೆ, ಮೊದಲಿನದು ಅದನ್ನು ಅಡ್ಡಡ್ಡ ಚೌಕಟ್ಟಿಗೆ ತುರುಕುತ್ತದೆ. ಪಿಕ್ಸೆಲ್ ಅನುಪಾತದ ಗುರುತು ಒಳಗಿರುವುದರಿಂದ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡೀತು, ಆ ಗುರುತನ್ನು ಲೆಕ್ಕಿಸದ ಟಿವಿಯಲ್ಲಿ ಮದುಮಗ ಚಪ್ಪಟೆ. ಮೈನಸ್ 1 ಹಾಕಿದರೆ ಕೆಲವೊಮ್ಮೆ ಅಗಲ ಬೆಸಸಂಖ್ಯೆಯಾಗಿ ಎನ್‌ಕೋಡರ್ ಫೈಲನ್ನೇ ತಿರಸ್ಕರಿಸುತ್ತದೆ. ತುಮಕೂರಿನ ಆ ಬ್ಯಾಚಿನಲ್ಲಿ ಹಾಗೆ ತಿರಸ್ಕೃತವಾದವೂ ಇದ್ದವು. ಎರರ್ ಬಂದೇ ಇತ್ತು, ಓಡುವ ಸಾಲುಗಳ ನಡುವೆ ಯಾರೂ ನೋಡಿರಲಿಲ್ಲ. ಡಿಲೀಟ್ ಮಾತ್ರ ತನ್ನ ಪಾಡಿಗೆ ತಾನು ನಡೆದಿತ್ತು.

ಎಂಟಿಎಸ್ ಈಗಾಗಲೇ ಒಮ್ಮೆ ಒತ್ತಿ ಕುಗ್ಗಿಸಿದ್ದು. ಮತ್ತೆ ಎನ್‌ಕೋಡ್ ಮಾಡಿದರೆ ಮತ್ತಷ್ಟು ಹೋಗುತ್ತದೆ. ಎಕ್ಸ್264 ಎಂಬ ಎನ್‌ಕೋಡರಿನಲ್ಲಿ ಸಿಆರ್‌ಎಫ್ (ಗುಣಮಟ್ಟದ ಸಂಖ್ಯೆ) ಹೇಳದಿದ್ದರೆ 23 ಹಿಡಿಯುತ್ತದೆ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು. ನಾವಾದರೆ 18ರಿಂದ 20ರೊಳಗೆ ಇಡುತ್ತೇವೆ. ಕ್ಯಾಮೆರಾ ಉದ್ದನೆಯ ರೆಕಾರ್ಡಿಂಗನ್ನು ತುಂಡು ಮಾಡಿ ಉಳಿಸಿದ್ದರೆ ಮೊದಲು ತುಂಡುಗಳನ್ನು ಜೋಡಿಸಿ, ಆಮೇಲೆ ಇಳಿಸಿ. ಬಿಡಿಬಿಡಿಯಾಗಿ ಇಳಿಸಿ ಜೋಡಿಸಿದರೆ ಗಟ್ಟಿಮೇಳದ ನಡುವೆ ಟಿಕ್ ಅಂತ ಶಬ್ದ ಕೇಳಿಸಬಹುದು.

ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹೊಸ ಫೈಲ್ ಎಂಪಿ4 ಆಗಿದ್ದರೆ ಅದರ ಸೂಚಿ, ಅಂದರೆ ಮೂವ್ ಆಟಮ್, ಬರೆಯುವುದು ಕೊನೆಯಲ್ಲಿ. ನಡುವೆ ನಿಂತರೆ ಫೈಲ್ ಇರುತ್ತದೆ, ತೆರೆಯುವುದಿಲ್ಲ. ಅದಕ್ಕೇ ತಾತ್ಕಾಲಿಕ ಹೆಸರಿಗೆ ಬರೆಸಿ, ಮುಗಿದ ಮೇಲೆ ಹೆಸರು ಬದಲಿಸಿ. ಮೈನಸ್ ನೋಎಸ್‌ಟಿಡಿಇನ್ ಕೂಡ ಹಾಕಿ. ಇಲ್ಲದಿದ್ದರೆ ಓಡುತ್ತಿರುವ ಕಿಟಕಿಯಲ್ಲಿ ಯಾರಾದರೂ ಕ್ಯೂ ಒತ್ತಿದರೆ ಅಲ್ಲಿಗೇ ನಿಲ್ಲುತ್ತದೆ, ಅರ್ಧ ಫೈಲ್ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಅದನ್ನು ಹಿಡಿಯಲು ಒರಿಜಿನಲ್ ಮತ್ತು ಹೊಸದರ ಅವಧಿಯನ್ನು ಎಫ್‌ಎಫ್‌ಪ್ರೋಬಿನಲ್ಲಿ ತೆಗೆದು ಹೋಲಿಸಬೇಕು. ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಫೈಲ್ ಮತ್ತೆ ಮಾಡಿ. ಫೈಲ್ ಸಂಖ್ಯೆಯನ್ನೂ ಎಣಿಸಿ.

ಅಷ್ಟು ಮಾಡುವ ಮುಂಚೆ, ಇಳಿಸದೆ ಇನ್ನೊಂದು ಡಿಸ್ಕ್ ಕೊಂಡರೆ ಹೇಗೆಂದು ಒಂದು ಲೆಕ್ಕ. 24 ಎಂಬಿಪಿಎಸ್ (ಸೆಕೆಂಡಿಗೆ 24 ಮೆಗಾಬಿಟ್) ಎಂಟಿಎಸ್ ಎಂದರೆ ಗಂಟೆಗೆ ಸುಮಾರು 10.8 ಜಿಬಿ. 4 ಟಿಬಿ ಡಿಸ್ಕಿನಲ್ಲಿ 370 ಗಂಟೆ. ಮದುವೆಗೆ 6 ಗಂಟೆ ಹಿಡಿದರೆ 60 ಮದುವೆ, ಒಂದು ಗೆರೆಯೂ ಕಲಸದೆ.