ಪ್ರವಾಸ ವಿಮೆಯ ಫಾರ್ಮಿನಲ್ಲಿ ನನ್ನ ಹೆಸರಿನ ಮುಂದಿದ್ದ ‘ಇಲ್ಲ’

ಹುಟ್ಟಿನಿಂದಲೇ ಬಂದ ನರಸಂಬಂಧಿ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಆರೋಗ್ಯವಾಗಿರುವವರು ವಿದೇಶಕ್ಕೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿಬಂದ ಮೂರು ವಾರಗಳಲ್ಲಿ ನಾನು ಸುಮಾರು 2 ಲಕ್ಷ 60 ಸಾವಿರ ರೂಪಾಯಿ ಕಳೆದುಕೊಂಡೆ. ವಿಮೆ ಇರಲಿಲ್ಲವೆಂದಲ್ಲ, ಇತ್ತು.

ನನಗಿದ್ದದ್ದು ಕಿಯಾರಿ ಮಾಲ್‌ಫಾರ್ಮೇಶನ್, ಟೈಪ್ 1. ಕಿರುಮೆದುಳಿನ ಕೆಳತುದಿ ತಲೆಬುರುಡೆಯ ತಳದಲ್ಲಿರುವ ರಂಧ್ರದ ಮೂಲಕ ಕತ್ತಿನೊಳಕ್ಕೆ ಇಳಿದಿರುವ ಸ್ಥಿತಿ ಇದು. ಕೆಮ್ಮಿದರೆ ಹಿಂದಲೆ ಸಿಡಿಯುತ್ತಿತ್ತು. ಬೆನ್ನುಹುರಿಯೊಳಗೆ ನೀರು ತುಂಬಿಕೊಂಡು, ಕಾದ ಹೆಂಚು ತಾಗಿದರೂ ಬಲಗೈಗೆ ಬಿಸಿ ತಿಳಿಯದಂತಾದ ಮೇಲೆ, 2022ರಲ್ಲಿ ಮುಂಬಯಿಯಲ್ಲೇ ಆಪರೇಷನ್ ಆಯಿತು. ಹಿಂದಲೆಯ ಮೂಳೆಯ ಒಂದಿಷ್ಟು ಭಾಗವನ್ನೂ ಕತ್ತಿನ ಮೊದಲ ಕಶೇರುಕದ ಕಮಾನನ್ನೂ ತೆಗೆದು ಮೆದುಳಿಗೆ ಜಾಗ ಮಾಡಿಕೊಟ್ಟರು. ಈಗ ಡೊಂಬಿವಲಿಯಿಂದ ದಾದರಿನವರೆಗೆ ಲೋಕಲ್‌ನಲ್ಲಿ ನಿಂತೇ ಹೋಗುತ್ತೇನೆ.

ವಿಮೆ ಮಾಡಿಸಿಕೊಟ್ಟವರು ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ ಏಜೆಂಟರು, ನಮ್ಮವರೇ. ಕಾಯಿಲೆಯ ವಿಷಯ ನಾನಾಗಿಯೇ ಹೇಳಿದೆ. “ಆಪರೇಷನ್ ಆಯ್ತಲ್ಲ ಅಕ್ಕಾ, ಈಗ ಕಾಯಿಲೆ ಎಲ್ಲಿದೆ? ಬರೆದ್ರೆ ಸುಮ್ನೆ ಕಾಗದಪತ್ರ ಕೇಳ್ತಾರೆ” ಎಂದರು. ಮರುದಿನ ಸಂಜೆ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಾಗ, ಘಾಟ್ಕೋಪರ್ ದಾಟುವಷ್ಟರಲ್ಲಿ ಅವರು ಕೇಳಿದ ಓಟಿಪಿಯ ಆರು ಅಂಕಿಗಳನ್ನು ಓದಿ ಹೇಳಿದೆ. ಆ ಆರು ಅಂಕಿಗಳೇ ನನ್ನ ಸಹಿ ಎಂಬುದು ಆಗ ಹೊಳೆಯಲಿಲ್ಲ. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು, ಪ್ರಮಾಣಪತ್ರದಲ್ಲಿ ಆ ಮೊತ್ತ ದಪ್ಪಕ್ಷರದಲ್ಲಿತ್ತು, ವೀಸಾ ಬಂತು. ವೀಸಾ ಬಂದಿತೆಂದ ಮಾತ್ರಕ್ಕೆ ನಮ್ಮ ಹಳೆಯ ಕಾಯಿಲೆಗೂ ರಕ್ಷಣೆ ಇದೆ ಎಂದರ್ಥವಲ್ಲ. ವೀಸಾ ನಿಯಮ ಅದನ್ನು ಕೇಳುವುದೇ ಇಲ್ಲ.

ಅಲ್ಲಿಗೆ ಹೋದ ನಾಲ್ಕನೆಯ ದಿನ ನೆಗಡಿ, ಕೆಮ್ಮು, ಹಿಂದೆಯೇ ತಲೆನೋವು. ಮಗಳು ಗಾಬರಿಯಾಗಿ ತುರ್ತು ವಿಭಾಗಕ್ಕೆ ಕರೆದೊಯ್ದಳು. ಕೂದಲು ಸರಿಸಿ ಕತ್ತಿನ ಹಿಂದಿನ ಗಾಯದ ಗೆರೆ ನೋಡಿದ ವೈದ್ಯೆ ಎಲ್ಲವನ್ನೂ ಕೇಳಿ ಬರೆದುಕೊಂಡು, ಎಂಆರ್‌ಐ ಮಾಡಿಸಿ, ಒಂದು ರಾತ್ರಿ ಇರಿಸಿಕೊಂಡರು. ಆಪರೇಷನ್ ಆದ ಜಾಗ ಚೆನ್ನಾಗಿತ್ತು, ತಲೆನೋವು ಸೈನಸ್ ಸೋಂಕಿನದು. ಆದರೆ ಡಿಸ್ಚಾರ್ಜ್ ಪತ್ರದ ಮೊದಲ ಸಾಲೇ ‘ಕಿಯಾರಿ, 2022ರಲ್ಲಿ ಶಸ್ತ್ರಚಿಕಿತ್ಸೆ’ ಎಂದಿತ್ತು.

ಆರು ವಾರಗಳ ನಂತರ ಕ್ಲೇಮ್ ತಿರಸ್ಕೃತವಾಯಿತು. ಪತ್ರದ ಜೊತೆ ಬಂದ ಪ್ರಪೋಸಲ್ ಫಾರ್ಮನ್ನು, ಅಂದರೆ ನನ್ನ ಹೆಸರಿನಲ್ಲಿ ತುಂಬಿದ ವಿಮೆಯ ಅರ್ಜಿಯನ್ನು, ನಾನು ನೋಡಿದ್ದು ಅದೇ ಮೊದಲು: ‘ಮೊದಲೇ ಇರುವ ಕಾಯಿಲೆ ಅಥವಾ ಆಗಿರುವ ಶಸ್ತ್ರಚಿಕಿತ್ಸೆ’ ಎಂಬುದರ ಮುಂದೆ ‘ಇಲ್ಲ’. ಹೇಳಿದ್ದರೂ ಜೀವಾಪಾಯದ ತುರ್ತು ಸಂದರ್ಭ ಬಿಟ್ಟರೆ ಜನ್ಮಜಾತ ತೊಂದರೆಗೆ ಹಣ ಸಿಗುತ್ತಿರಲಿಲ್ಲ ಎಂದು ಪಾಲಿಸಿಯ ಒಳಪುಟವೊಂದರಲ್ಲಿ ಬರೆದಿತ್ತು. ನನ್ನಂಥವರು ಮಾಡುವ ಇನ್ನೊಂದು ತಪ್ಪು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಊರಿನ ಮೆಡಿಕ್ಲೇಮ್‌ನಲ್ಲಿ ಹಳೆಯ ಕಾಯಿಲೆಗಳಿಗೆ ರಕ್ಷಣೆ ಸಿಗಲು ಕಾಯಬೇಕಾದ ಅವಧಿ 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ. ಅದು ವಿದೇಶ ಪ್ರವಾಸದ ವಿಮೆಗೆ ಅನ್ವಯಿಸುವುದಿಲ್ಲ.

ಕಾಯಿಲೆಯನ್ನು ತಿಳಿಸಿದ ಮೇಲೂ ಪಾಲಿಸಿ ಕೊಟ್ಟ ಕಂಪನಿ, ಆಮೇಲೆ ಅದೇ ಕಾಯಿಲೆಯ ನೆಪ ಹೇಳಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿದೆ, ಅದೂ ಅಮೆರಿಕ ಪ್ರವಾಸದ ವಿಮೆಯೊಂದರ ಪ್ರಕರಣದಲ್ಲೇ. ತಿಳಿಸಿದವರಿಗೆ ಅದು ಆಸರೆ, ನನಗಲ್ಲ. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರ ಕಚೇರಿ ಮುಂಬಯಿಯಲ್ಲೂ ಪುಣೆಯಲ್ಲೂ ಇದೆ. ಕಂಪನಿಯ ನಿರಾಕರಣೆ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟಿದ್ದೇನೆ. ಓಟಿಪಿ ಹೇಳಿದವಳು ನಾನೇ ಆದ್ದರಿಂದ ಹೆಚ್ಚಿನ ಆಸೆಯಿಲ್ಲ. ಏಜೆಂಟರು ಈಗ ಸಂಘದಲ್ಲಿ ಎದುರಾದರೆ ಕಾಫಿ ಲೋಟದೊಳಗೆ ಇಣುಕುತ್ತಾರೆ.

ಈ ಬಾರಿ ಮತ್ತೆ ಹೊರಟಿದ್ದೇನೆ. ಡಿಸ್ಚಾರ್ಜ್ ಸಾರಾಂಶ, ಹೊಸ ಎಂಆರ್‌ಐ ವರದಿ, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ನ್ಯೂರೋಸರ್ಜನ್ ಪತ್ರ, ಇವಿಷ್ಟನ್ನು ಲಗತ್ತಿಸಿ ನಾಲ್ಕು ಕಂಪನಿಗಳಿಗೆ ನಾನೇ ಇಮೇಲ್ ಬರೆದೆ. ಎರಡು ಸಾರಾಸಗಟಾಗಿ ನಿರಾಕರಿಸಿದವು, ಒಂದು ಉತ್ತರಿಸಲಿಲ್ಲ. ನಾಲ್ಕನೆಯದು ಹೋದಸಲದ ಎರಡರಷ್ಟು ಪ್ರೀಮಿಯಂ ಕೇಳಿ, ಹಳೆಯ ಕಾಯಿಲೆಗೆ ಒಂದು ಮಿತಿಯೊಳಗೆ ಒಪ್ಪಿತು. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದೆ: ಬರೀ ತಲೆನೋವೆಂದು ಹೋದಾಗ ಹಳೆಯ ಆಪರೇಷನ್ನಿನ ಕಾರಣಕ್ಕೆ ಅಲ್ಲಿಯ ವೈದ್ಯರು ಎಂಆರ್‌ಐ ಮಾಡಿಸಿದರೆ, ಆ ಖರ್ಚು ಯಾರದು? ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಕೊನೆಗೆ ಕಂಡುಬಂದ ಕಾಯಿಲೆ ಬೇರೆಯದಾದರೆ, ಮೊದಲ 100 ಡಾಲರ್ ನನ್ನದು, ಉಳಿದದ್ದು ಅವರದು. ಆ ಇಮೇಲಿನ ಎರಡು ಪ್ರತಿ ತೆಗೆದು ಒಂದನ್ನು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೇನೆ, ಇನ್ನೊಂದನ್ನು ಮಗಳಿಗೆ ಕಳಿಸಿದ್ದೇನೆ.