ಬೋರ್ ಮೋಟರ್‌ಗೆ ಯಾವುದು ಒಳ್ಳೇದು: ಆಟೋ ಸ್ವಿಚ್ಚಾ, ಆ್ಯಪ್ ಸ್ಟಾರ್ಟರಾ, ಕಾಲ್ ಮಾಡುವ ಸ್ಟಾರ್ಟರಾ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಕಾಲ್ ಮಾಡಿದರೆ ಮೋಟರ್ ಎದ್ದೇಳುವ ಬಾಕ್ಸು. ಯಾಕೆ ಅಂತ ಬರೆಯುತ್ತೇನೆ.

ನಮ್ಮದು ಮಳವಳ್ಳಿ ಕಡೆ ಎರಡು ಎಕರೆ. ಕಾಲುವೆ ನೀರು ಹತ್ತುವುದಿಲ್ಲ. ಒಂದು ಬೋರು, 5 ಎಚ್‌ಪಿ ಮೋಟರು, ಅದನ್ನೇ ನಂಬಿ ಹಿಪ್ಪುನೇರಳೆ ಮತ್ತು ತೆಂಗು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ, ಸರಿ. ಆದರೆ ಮೋಟರ್ ಓಡಲು ಬೇಕಾದ ಮೂರು ತಂತಿಯ ಕರೆಂಟು, ಅಂದರೆ ತ್ರೀ ಫೇಸ್, ಕೊಡುವುದು ದಿನಕ್ಕೆ 7 ಗಂಟೆ, ಅದೂ ಪಾಳಿ ಮೇಲೆ. ರಾತ್ರಿ ಪಾಳಿ ಬಂದರೆ ಅಪ್ಪ ಬ್ಯಾಟರಿ ಹಿಡಿದು ಹೊರಡಬೇಕು. 2022ರ ಕೊನೆಯಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತ ಮೇಲೆ ಅವ್ವ ಅವರನ್ನು ಕತ್ತಲಲ್ಲಿ ಹೊಲಕ್ಕೆ ಬಿಡುತ್ತಲೇ ಇರಲಿಲ್ಲ. ನಾನು ಇರುವುದು ಮೈಸೂರಿನಲ್ಲಿ.

ಆಟೋ ಸ್ವಿಚ್ಚು ಎಲ್ಲಕ್ಕಿಂತ ಅಗ್ಗ. ಕರೆಂಟ್ ಬಂತು, ಮೋಟರ್ ಎದ್ದಿತು, ಅಷ್ಟೇ. ಮಳೆ ಹೊಯ್ಯುತ್ತಿದ್ದರೂ ನೀರು ಹರಿಯುತ್ತಲೇ ಇರುತ್ತದೆ. ಮೋಟರ್ ಎದ್ದೇಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಎಲ್ಲ ಆಟೋಗಳೂ ಒಂದೇ ಸಲ ಎದ್ದರೆ ವೋಲ್ಟೇಜ್ ಬಿದ್ದುಹೋಗುತ್ತದೆ, ಕೆಲವು ಸಲ ಟಿಸಿಯೇ ಸುಡುತ್ತದೆ. ಆಮೇಲೆ ಇಡೀ ಬಯಲಿಗೇ ನೀರಿಲ್ಲ. ನಮ್ಮ ಮೋಟರ್ ಸುಟ್ಟಿದ್ದೂ ಆಟೋ ಇದ್ದಾಗಲೇ. ಬೇಸಿಗೆಯಲ್ಲಿ ಬೋರಿನ ನೀರು ಕೆಳಗಿಳಿದಿತ್ತು, ರಾತ್ರಿಯೆಲ್ಲ ಮೋಟರ್ ಬರಿದೇ ತಿರುಗಿತು. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ ಅಲ್ವಾ. ಪೈಪ್ ಎತ್ತುವ ಕೂಲಿ, ರಿವೈಂಡಿಂಗ್, ಮತ್ತೆ ಇಳಿಸುವ ಕೂಲಿ, ಆ ಬೆಳೆಯ ರೇಷ್ಮೆ ಗೂಡಿನ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು.

ಆ್ಯಪ್ ಸ್ಟಾರ್ಟರನ್ನು ಚಿಕ್ಕಪ್ಪನ ಮಗ ಹಾಕಿಸಿದ್ದಾನೆ. ನಮ್ಮ ಮೋಟರ್ ಕೆಟ್ಟಾಗ ಅವನ ಬೋರಿಂದಲೇ ನೀರು ತಗೊಂಡೆವು, ಹಾಗಾಗಿ ನಾನೂ ಬಳಸಿ ನೋಡಿದೆ. ಮೋಟರ್ ಎಷ್ಟು ಆಂಪ್ಸ್ ಕರೆಂಟ್ ಎಳೆಯುತ್ತಿದೆ, ಎಷ್ಟು ಹೊತ್ತು ಓಡಿತು, ಎಲ್ಲ ಕಾಣುತ್ತದೆ. ಅದು ನಿಜಕ್ಕೂ ಚೆನ್ನಾಗಿದೆ. ಆದರೆ ನಮ್ಮ ಹಳ್ಳದ ಕಡೆ ನೆಟ್ ಸಿಗುವುದೇ ಕಷ್ಟ. ಆನ್ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಮೋಟರ್ ಎದ್ದಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅಪ್ಪನದು ಕೀಪ್ಯಾಡ್ ಫೋನು. ಅವರು ನನಗೆ ಫೋನ್ ಮಾಡಬೇಕು, ನಾನು ಮೈಸೂರಲ್ಲಿ ಕೂತು ಒತ್ತಬೇಕು.

ಕಾಲ್ ಸ್ಟಾರ್ಟರ್‌ನಲ್ಲಿ ಈ ಗೋಳಿಲ್ಲ. ಅಪ್ಪ ಆ ನಂಬರಿಗೆ ಫೋನ್ ಮಾಡಿದರೆ ಅದು ಎತ್ತಿಕೊಂಡು ಕನ್ನಡದಲ್ಲೇ ಮಾತಾಡುತ್ತದೆ. ಒಂದು ಒತ್ತಿದರೆ ಆನ್. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸಿ ತಾನೇ ವಾಪಸ್ ಫೋನ್ ಮಾಡುತ್ತದೆ. ನೀರು ಕಡಿಮೆಯಾಗಿ ಆಂಪ್ಸ್ ಇಳಿದರೂ ನಿಲ್ಲಿಸುತ್ತದೆ. ನನಗೆ ಬೇಕಿದ್ದದ್ದು ಅದೇ.

ತಲೆನೋವು ಅಂದರೆ ಅದರ ಸಿಮ್ಮು. ನಾವು ತಗೊಂಡ ಬಾಕ್ಸು 2ಜಿಯದು. ಅಪ್ಪನ ಹಳೇ ಸಿಮ್ ಹಾಕಿದೆವು, ಅದು ಬರೀ 4ಜಿ ಇರುವ ಕಂಪನಿಯದು, ಬಾಕ್ಸು ಉಸಿರೇ ಎತ್ತಲಿಲ್ಲ. ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡಿತು, ಆದರೆ ಕಬ್ಬಿಣದ ಪೆಟ್ಟಿಗೆಯೊಳಗೆ ಸಿಗ್ನಲ್ ಸಾಲದು. ಎಲೆಕ್ಟ್ರಿಷಿಯನ್ ಪೆಟ್ಟಿಗೆಯ ಅಡಿಯಲ್ಲಿ ಒಂದು ತೂತು ಕೊರೆದು, ಆಂಟೆನಾ ತಂತಿ ಹೊರಗೆಳೆದು ಕಂಬಕ್ಕೆ ಕಟ್ಟಿದರು. ತೂತು ಹಾಗೇ ಬಿಟ್ಟರೆ ಹಲ್ಲಿ ನುಗ್ಗಿ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೂಡಿಸುವ ಸ್ವಿಚ್ಚು) ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಮೋಟರ್ ಸರಿಯಾಗಿ ಎದ್ದೇಳುವುದಿಲ್ಲ. ಅದಕ್ಕೆ ಎಂ-ಸೀಲ್ ಮೆತ್ತಿದರು.

ಆಮೇಲೆ ರೀಚಾರ್ಜು. ಹೊಲದಲ್ಲಿರುವ ಸಿಮ್‌ನ ವ್ಯಾಲಿಡಿಟಿ ಮುಗಿದದ್ದು ಮನೆಯಲ್ಲಿ ಯಾರಿಗೆ ನೆನಪಿರುತ್ತದೆ? ಮೊದಲು ಹೊರಹೋಗುವ ಕಾಲ್ ನಿಂತಿತು, ಅಂದರೆ ಫೇಸ್ ಹೋದರೂ ಬಾಕ್ಸು ನಮಗೆ ಹೇಳಲಿಲ್ಲ. ಆಮೇಲೆ ಒಳಬರುವುದೂ ನಿಂತಿತು. ಹಿಪ್ಪುನೇರಳೆ ಸೊಪ್ಪು ಬಾಡುತ್ತಿದೆ, ಫೋನಿನಲ್ಲಿ ಮಾತ್ರ ಸೇವೆ ಸ್ಥಗಿತ ಅಂತ ಹೆಂಗಸಿನ ದನಿ. ಬಾಕ್ಸಿಗೆ ಡೇಟಾ ಬೇಕಿಲ್ಲ, ಆದರೂ ಡೇಟಾ ಸೇರಿಸಿದ ಪ್ಯಾಕಿಗೇ ದುಡ್ಡು ಕೊಡುತ್ತಿದ್ದೆವು. ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕನ್ನೂ ಕೊಡಲೇಬೇಕು, ಅದು 365 ದಿನದವರೆಗೂ ಇರಬಹುದು ಅಂತ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಈಗ ನಾನು ವರ್ಷದ ಪ್ಯಾಕ್ ಹಾಕಿಸಿ, ಮುಗಿಯುವ ತಾರೀಖನ್ನು ಪೆಟ್ಟಿಗೆ ಬಾಗಿಲ ಒಳಗೆ ಪೇಂಟಿನಲ್ಲಿ ಬರೆಸಿದ್ದೇನೆ.

ಇಷ್ಟೆಲ್ಲ ಆದರೂ ಇದೇ ಬಾಕ್ಸ್ ನನಗಿಷ್ಟ. ಬೆಲೆ ಆಟೋಗಿಂತ ಜಾಸ್ತಿ, ಆ್ಯಪಿನದಕ್ಕಿಂತ ಕಡಿಮೆ. ಮುಖ್ಯವಾಗಿ ಅಪ್ಪ ಅವ್ವ ಇಬ್ಬರೂ ಯಾರನ್ನೂ ಕೇಳದೆ ಬಳಸುತ್ತಾರೆ. ನೀವೇ ಜಮೀನಿನ ಹತ್ತಿರ ಇದ್ದು, ನೆಟ್ ಚೆನ್ನಾಗಿದ್ದು, ಎರಡು ಮೂರು ಬೋರು ನೋಡಿಕೊಳ್ಳುವವರಾದರೆ ಆ್ಯಪಿನದನ್ನೇ ತಗೊಳ್ಳಿ, ಲೆಕ್ಕ ಸಿಗುತ್ತದೆ. ಕಾಲ್ ಬಾಕ್ಸೇ ಸಾಕು ಅನ್ನುವವರು ಅಂಗಡಿಯಲ್ಲಿ 4ಜಿ ಸಿಮ್ ಹಿಡಿಯುವುದನ್ನೇ ಕೇಳಿ. ದುಡ್ಡು ಕೊಡುವ ಮುಂಚೆ ನಿಮ್ಮ ಬೋರಿನ ಹತ್ತಿರ ನಿಂತು ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಅಂತ ನೋಡಿಕೊಂಡು ಹೋಗಿ.